ಸ್ಪ್ಯಾನಿಶ್‌ನ ‘ಸೆ ಪೆಯ್ನೆ’, ಕನ್ನಡದ ‘ಬಾಚಿಕೊಳ್ಳಲಿ’: ಒಂದು ಮರುಬೋಧನೆಯ ಟಿಪ್ಪಣಿ

ಪೀಠಿಕೆ

ಸೂಕ್ಷ್ಮ ಬೋಧನೆಯಲ್ಲಿ ನಮಗೆಲ್ಲ ಗೊತ್ತಿರುವ ಒಂದು ತೊಡಕಿದೆ. ಎದುರಿಗೆ ಕುಳಿತ ಸಹಪಾಠಿಗಳು ಹತ್ತನೆಯ ತರಗತಿಯ ಮಕ್ಕಳಂತೆ ನಟಿಸುತ್ತಾರೆ. ಓಮ್‌ನ ನಿಯಮ ಅವರಿಗೆ ಮೊದಲೇ ಗೊತ್ತು. ಪಾಠ ಚೆನ್ನಾಗಿದ್ದರೂ ಕೆಟ್ಟಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ. ನಮ್ಮ ವಿವರಣೆಯಿಂದ ಯಾರಿಗಾದರೂ ಏನಾದರೂ ಅರ್ಥವಾಯಿತೇ ಎಂಬುದು ಮಾತ್ರ ತಿಳಿಯುವುದಿಲ್ಲ. ಆದ್ದರಿಂದ ‘ಉದಾಹರಣೆಗಳೊಂದಿಗೆ ವಿವರಿಸುವ ಕೌಶಲ’ದ ಪಾಠಕ್ಕೆ ನಮ್ಮ ಗುಂಪಿನಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯವೊಂದನ್ನು ಆರಿಸಿಕೊಂಡೆ. ಅದು ನಾನು ಸಂಜೆಯ ತರಗತಿಗಳಲ್ಲಿ ಕಲಿತ ಸ್ಪ್ಯಾನಿಶ್ ಭಾಷೆಯ ಒಂದು ವ್ಯಾಕರಣಾಂಶ: ರಿಫ್ಲೆಕ್ಸಿವ್ ಕ್ರಿಯಾಪದವನ್ನು ವರ್ತಮಾನದ ಸಬ್ಜಂಕ್ಟಿವ್ ರೂಪದಲ್ಲಿ ಬಳಸುವುದು.

ಹೆಸರು ಕೇಳಿದರೆ ಗಾಬರಿಯಾಗುತ್ತದೆ. ಮೊದಲ ಬೋಧನೆಯಲ್ಲಿ ನನ್ನ ಸಹಪಾಠಿಗಳಿಗೂ ಹಾಗೆಯೇ ಆಯಿತು. ಮರುಬೋಧನೆಯಲ್ಲಿ ಅದೇ ವಿಷಯ ಸುಲಭವಾಯಿತು, ಜೊತೆಗೆ ಹೊಸದೊಂದು ತಪ್ಪೂ ಹುಟ್ಟಿತು. ಎರಡಕ್ಕೂ ಕಾರಣ ಕನ್ನಡವೇ. ಆ ವ್ಯಾಕರಣಾಂಶವನ್ನು ವಿವರಿಸುತ್ತಾ, ಕನ್ನಡ ಎಲ್ಲಿ ಕೈಹಿಡಿಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಓದುವ ಮೊದಲು ಒಂದು ಸೂಚನೆ. ಸ್ಪ್ಯಾನಿಶ್ ಪದಗಳನ್ನು ಉಚ್ಚಾರಕ್ಕೆ ಹತ್ತಿರವಾಗಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಆ ಭಾಷೆಯಲ್ಲಿ ‘ಬಿ’ ಮತ್ತು ‘ವಿ’ ಅಕ್ಷರಗಳಿಗೆ ಒಂದೇ ಉಚ್ಚಾರವಿರುವುದರಿಂದ ಎರಡಕ್ಕೂ ‘ಬ’ ಬಳಸಿದ್ದೇನೆ.

ಮೊದಲ ಪಾಠ ಎಡವಿದ್ದು ಎಲ್ಲಿ?

ಮೊದಲ ಆರು ನಿಮಿಷಗಳಲ್ಲಿ ನಾನು ಇಂಗ್ಲಿಷ್ ಮೂಲಕ ಹೊರಟೆ. ನಾನು ಕಲಿತದ್ದೂ ಹಾಗೆಯೇ, ಪುಸ್ತಕವಿದ್ದದ್ದೂ ಇಂಗ್ಲಿಷಿನಲ್ಲಿಯೇ. ‘ನೀನು ತಲೆ ಬಾಚಿಕೊಳ್ಳಬೇಕು ಎಂದು ನನ್ನ ಇಚ್ಛೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯವನ್ನು ಕಪ್ಪುಹಲಗೆಯ ಮೇಲೆ ಬರೆದು, ಅದರ ಕೆಳಗೆ ಸ್ಪ್ಯಾನಿಶ್ ವಾಕ್ಯ ಬರೆದೆ:

ಕಿಯೆರೊ ಕೆ ತೆ ಪೆಯ್ನೆಸ್.

ಬಳಿಕ ಇಂಥದೇ ಇನ್ನೊಂದು ವಾಕ್ಯ ರಚಿಸಲು ಹೇಳಿದೆ. ಹೆಚ್ಚಿನವರು ‘ಕಿಯೆರೊ ತು ಪೆಯ್ನಾರ್’ ಎಂಬ ಮಾದರಿಯಲ್ಲಿ ಬರೆದರು. ಅದು ಸ್ಪ್ಯಾನಿಶ್ ಅಲ್ಲ. ಸ್ಪ್ಯಾನಿಶ್ ಪದಗಳನ್ನು ತೊಟ್ಟ ಇಂಗ್ಲಿಷ್. ತಪ್ಪು ಅವರದಾಗಿರಲಿಲ್ಲ. ಆ ಇಂಗ್ಲಿಷ್ ವಾಕ್ಯದಲ್ಲಿ ಕಲಿಯಬೇಕಾದ ಎರಡು ಅಂಶಗಳೂ ಕಾಣುವುದೇ ಇಲ್ಲ. ತನಗೆ ತಾನೇ ಮಾಡಿಕೊಳ್ಳುವ ಕೆಲಸ ಎಂಬುದಕ್ಕೆ ಅಲ್ಲಿ ಗುರುತಿಲ್ಲ, ‘ನಿನ್ನ ತಲೆ’ ಎಂಬ ಷಷ್ಠಿ ಮಾತ್ರ ಇದೆ. ಇಚ್ಛೆಯನ್ನು ತೋರುವ ಬೇರೆ ಕ್ರಿಯಾರೂಪವೂ ಇಲ್ಲ, ಕ್ರಿಯಾಪದದ ಮೂಲರೂಪವೇ ಇದೆ. ಇಲ್ಲದ್ದನ್ನು ತೋರಿಸಿ ಇರುವುದನ್ನು ಕಲಿಸಲು ಹೊರಟಿದ್ದೆ.

ಹಿಮ್ಮಾಹಿತಿಯ ಹೊತ್ತಿನಲ್ಲಿ, ಹತ್ತನೆಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳತಿಯೊಬ್ಬಳು ಕೇಳಿದಳು: “ಅಲ್ಲ ಕಣೇ, ಇದು ನಮ್ಮ ‘ಬಾಚಿಕೊಳ್ಳಲಿ’ ಅಲ್ವಾ? ಇದಕ್ಕೆ ಇಷ್ಟು ಇಂಗ್ಲಿಷ್ ಯಾಕೆ?” ಪಾಠ ನಡೆಯುವಾಗ ಅವಳು ಒಂದು ಮಾತೂ ಆಡಿರಲಿಲ್ಲ. ಮರುಯೋಜನೆಯ 12 ನಿಮಿಷಗಳಲ್ಲಿ ನನ್ನ ಪಾಠಯೋಜನೆಯನ್ನು ಪೂರ್ತಿ ಬದಲಿಸಿದ್ದು ಆ ಒಂದು ಪ್ರಶ್ನೆ.

ಮೊದಲ ಭಾಗ: ‘ಕೊಳ್ಳು’ ಮತ್ತು ‘ಸೆ’

‘ಬಾಚಿಕೊಳ್ಳಲಿ’ ಪದವನ್ನು ಬಿಡಿಸಿದರೆ ಮೂರು ಭಾಗಗಳಾಗುತ್ತವೆ: ಬಾಚಿ + ಕೊಳ್ಳು + ಅಲಿ. ‘ಕೊಳ್ಳು’ ಎಂಬುದು ಕೆಲಸದ ಫಲ ಮಾಡಿದವರ ಮೇಲೆಯೇ ಬೀಳುತ್ತದೆ ಎಂದು ಹೇಳುತ್ತದೆ. ಸ್ಪ್ಯಾನಿಶ್‌ನ ರಿಫ್ಲೆಕ್ಸಿವ್ ಕ್ರಿಯಾಪದ ಮಾಡುವುದೂ ಇದನ್ನೇ.

ಅಮ್ಮ ಮಗಳ ತಲೆ ಬಾಚುತ್ತಾಳೆ: ಲಾ ಮಾದ್ರೆ ಪೆಯ್ನಾ ಆ ಲಾ ನಿನ್ಯಾ.
ಮಗಳು ತಲೆ ಬಾಚಿಕೊಳ್ಳುತ್ತಾಳೆ: ಲಾ ನಿನ್ಯಾ ಸೆ ಪೆಯ್ನಾ.

ಕ್ರಿಯಾಪದ ಒಂದೇ, ‘ಪೆಯ್ನಾರ್’. ಅದಕ್ಕೆ ‘ಸೆ’ ಸೇರಿದರೆ ‘ಪೆಯ್ನಾರ್ಸೆ’, ಅಂದರೆ ಬಾಚಿಕೊಳ್ಳುವುದು. ಇಂಥ ಜೋಡಿಗಳು ಇನ್ನೂ ಇವೆ:

ಲಾಬಾರ್ (ತೊಳೆ), ಲಾಬಾರ್ಸೆ (ತೊಳೆದುಕೊಳ್ಳು)
ಪೊನೇರ್ (ಇಡು, ಹಾಕು), ಪೊನೇರ್ಸೆ (ಹಾಕಿಕೊಳ್ಳು, ತೊಟ್ಟುಕೊಳ್ಳು)
ಸೆಂತಾರ್ (ಕೂರಿಸು), ಸೆಂತಾರ್ಸೆ (ಕುಳಿತುಕೊಳ್ಳು)
ಆಕೊಸ್ತಾರ್ (ಮಲಗಿಸು), ಆಕೊಸ್ತಾರ್ಸೆ (ಮಲಗಿಕೊಳ್ಳು)

ಕೊನೆಯ ಎರಡು ಜೋಡಿಗಳನ್ನು ಗಮನಿಸಿ. ಕುಳಿತುಕೊಳ್ಳುವುದು, ಮಲಗಿಕೊಳ್ಳುವುದು ತನಗೆ ತಾನೇ ಮಾಡಿಕೊಳ್ಳುವ ಕೆಲಸ ಎಂದು ಇಂಗ್ಲಿಷ್ ಮೂಲಕ ಕಲಿಯುವವರಿಗೆ ಬಿಡಿಸಿ ಹೇಳಬೇಕಾಗುತ್ತದೆ. ನಾವು ದಿನವೂ ‘ಕೂತ್ಕೋ’, ‘ಮಲಕ್ಕೋ’ ಎನ್ನುತ್ತೇವೆ. ಅವುಗಳಲ್ಲಿ ‘ಕೊಳ್ಳು’ ಮೊದಲೇ ಸೇರಿದೆ.

ಇನ್ನೊಂದು ಹೋಲಿಕೆಯೂ ಇದೆ. ‘ಕೈ ತೊಳೆದುಕೊಳ್ಳಲಿ’ ಎನ್ನುವಾಗ ನಾವು ‘ತನ್ನ ಕೈ’ ಎಂದು ಸೇರಿಸುವುದಿಲ್ಲ. ಯಾರ ಕೈ ಎಂಬುದನ್ನು ‘ಕೊಳ್ಳು’ ಹೇಳಿಬಿಟ್ಟಿದೆ. ಸ್ಪ್ಯಾನಿಶ್‌ನಲ್ಲಿಯೂ ‘ಸೆ ಲಾಬೆ ಲಾಸ್ ಮಾನೋಸ್’ ಎಂದರೆ ಸಾಕು. ‘ಲಾಸ್ ಮಾನೋಸ್’ ಎಂದರೆ ಬರೀ ‘ಕೈಗಳು’. ‘ತನ್ನ’ ಎಂಬ ಪದ ಅಲ್ಲಿ ಬೇಕಿಲ್ಲ.

ಎರಡನೆಯ ಭಾಗ: ‘ಅಲಿ’ ಮತ್ತು ಸಬ್ಜಂಕ್ಟಿವ್

ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ನಾವು ವಿಧ್ಯರ್ಥಕ, ನಿಷೇಧಾರ್ಥಕ, ಸಂಭಾವನಾರ್ಥಕ ಎಂಬ ಮೂರು ಕ್ರಿಯಾರೂಪಗಳನ್ನು ಓದಿದ್ದೇವೆ. ಆಜ್ಞೆ, ಆಶೀರ್ವಾದ, ಹಾರೈಕೆ, ಸಮ್ಮತಿ ಇತ್ಯಾದಿ ಅರ್ಥಗಳಲ್ಲಿ ಬರುವುದು ವಿಧ್ಯರ್ಥಕ: ‘ಮಾಡಲಿ’, ‘ಬರಲಿ’. ನಡೆಯಬಹುದು, ನಡೆಯದೆಯೂ ಇರಬಹುದು ಎಂಬ ಊಹೆಯಲ್ಲಿ ಬರುವುದು ಸಂಭಾವನಾರ್ಥಕ: ‘ಮಾಡಿಯಾನು’, ‘ಬಂದಾನು’. ಅಂಕಗಳಿಗಾಗಿ ಬಾಯಿಪಾಠ ಮಾಡಿ ಮರೆತ ಈ ಹೆಸರುಗಳು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ.

ನಡೆದದ್ದನ್ನು, ನಡೆಯುತ್ತಿರುವುದನ್ನು ಹೇಳುವಾಗ ಸ್ಪ್ಯಾನಿಶ್ ಸಾಮಾನ್ಯ ಕ್ರಿಯಾರೂಪವನ್ನು ಬಳಸುತ್ತದೆ. ಒಬ್ಬರ ಇಚ್ಛೆ, ಹಾರೈಕೆ, ಅಗತ್ಯ, ಅನುಮಾನಗಳ ನೆರಳಿನಲ್ಲಿ ಇನ್ನೊಬ್ಬರ ಕೆಲಸವನ್ನು ಹೇಳುವಾಗ ಸಬ್ಜಂಕ್ಟಿವ್ ರೂಪಕ್ಕೆ ಹೊರಳುತ್ತದೆ. ನಮ್ಮ ವಿಧ್ಯರ್ಥಕ ಮತ್ತು ಸಂಭಾವನಾರ್ಥಕಗಳು ಮಾಡುವ ಕೆಲಸದ ಬಹುಪಾಲನ್ನು ಅದು ಒಂದೇ ರೂಪದಿಂದ ಮಾಡುತ್ತದೆ.

ಮಗಳು ತಲೆ ಬಾಚಿಕೊಳ್ಳಲಿ ಎಂದು ಅಮ್ಮ ಬಯಸುತ್ತಾಳೆ: ಲಾ ಮಾದ್ರೆ ಕಿಯೆರೆ ಕೆ ಲಾ ನಿನ್ಯಾ ಸೆ ಪೆಯ್ನೆ.
ಅಜ್ಜಿ ಕುಳಿತುಕೊಳ್ಳಲೆಂದು ಕುರ್ಚಿ ತರುತ್ತೇನೆ: ತ್ರಾಯ್ಗೊ ಉನಾ ಸಿಯಾ ಪಾರಾ ಕೆ ಸೆ ಸಿಯೆಂತೆ ಲಾ ಆಬ್ವೆಲಾ.
ಅವಳು ತಲೆ ಬಾಚಿಕೊಂಡಾಳು: ಕಿಸಾಸ್ ಸೆ ಪೆಯ್ನೆ.

ಎರಡನೆಯ ವಾಕ್ಯದ ‘ಪಾರಾ ಕೆ’ ನಮ್ಮ ‘ಅಲೆಂದು’ ಇದ್ದಂತೆ. ಉದ್ದೇಶ ಹೇಳುವಾಗ ಎರಡೂ ಭಾಷೆಗಳು ಹಾರೈಕೆಯ ರೂಪವನ್ನೇ ಬಳಸುತ್ತವೆ.

ಇಲ್ಲಿ ಒಂದು ನಿಯಮ ನೆನಪಿಡಬೇಕು. ಬಯಸುವವರು ಮತ್ತು ಮಾಡುವವರು ಬೇರೆಯಾದಾಗ ಮಾತ್ರ ‘ಕೆ’ ಮತ್ತು ಸಬ್ಜಂಕ್ಟಿವ್. ಇಬ್ಬರೂ ಒಬ್ಬರೇ ಆದರೆ ಮೂಲರೂಪ ಸಾಕು: ‘ಲಾ ನಿನ್ಯಾ ಕಿಯೆರೆ ಪೆಯ್ನಾರ್ಸೆ’, ಅಂದರೆ ಹುಡುಗಿಗೆ ತಾನೇ ತಲೆ ಬಾಚಿಕೊಳ್ಳುವ ಆಸೆ.

ರೂಪ ರಚನೆಯ ಕ್ರಮ

ಸಬ್ಜಂಕ್ಟಿವ್ ರೂಪವನ್ನು ಮೂರು ಹೆಜ್ಜೆಗಳಲ್ಲಿ ಕಟ್ಟಬಹುದು. ಮೊದಲು ವರ್ತಮಾನದ ‘ನಾನು’ ರೂಪವನ್ನು ತೆಗೆದುಕೊಳ್ಳಿ: ‘ಪೆಯ್ನೊ’. ಕೊನೆಯ ‘ಒ’ ತೆಗೆಯಿರಿ: ‘ಪೆಯ್ನ್’. ಮೂಲರೂಪ ‘ಆರ್’ನಲ್ಲಿ ಮುಗಿದರೆ ‘ಎ’ ಸ್ವರದ ಪ್ರತ್ಯಯಗಳನ್ನೂ, ‘ಏರ್’ ಅಥವಾ ‘ಈರ್’ನಲ್ಲಿ ಮುಗಿದರೆ ‘ಆ’ ಸ್ವರದ ಪ್ರತ್ಯಯಗಳನ್ನೂ ಸೇರಿಸಿ. ಅಂದರೆ ಸ್ವರಗಳು ಅದಲುಬದಲಾಗುತ್ತವೆ. ‘ಪೆಯ್ನಾರ್ಸೆ’ಯ ಸಾಮಾನ್ಯ ರೂಪ ಮತ್ತು ಸಬ್ಜಂಕ್ಟಿವ್ ರೂಪ ಹೀಗಿವೆ:

ನಾನು: ಮೆ ಪೆಯ್ನೊ – ಮೆ ಪೆಯ್ನೆ
ನೀನು: ತೆ ಪೆಯ್ನಾಸ್ – ತೆ ಪೆಯ್ನೆಸ್
ಅವನು, ಅವಳು, ತಾವು: ಸೆ ಪೆಯ್ನಾ – ಸೆ ಪೆಯ್ನೆ
ನಾವು: ನೋಸ್ ಪೆಯ್ನಾಮೋಸ್ – ನೋಸ್ ಪೆಯ್ನೆಮೋಸ್
ನೀವು (ಸ್ಪೇನ್‌ನಲ್ಲಿ, ಸಲುಗೆಯ ಬಹುವಚನ): ಓಸ್ ಪೆಯ್ನಾಯ್ಸ್ – ಓಸ್ ಪೆಯ್ನೆಯ್ಸ್
ಅವರು, ನೀವೆಲ್ಲ: ಸೆ ಪೆಯ್ನಾನ್ – ಸೆ ಪೆಯ್ನೆನ್

‘ಓಸ್’ ರೂಪ ಸ್ಪೇನ್‌ನಲ್ಲಿ ಬಳಕೆಯಲ್ಲಿದೆ. ಲ್ಯಾಟಿನ್ ಅಮೆರಿಕದ ದೇಶಗಳಲ್ಲಿ ಅದರ ಬದಲು ಕೊನೆಯ ಸಾಲಿನ ರೂಪವನ್ನೇ ಬಳಸುತ್ತಾರೆ.

‘ನಾನು’ ರೂಪದಿಂದ ಹೊರಡುವುದಕ್ಕೆ ಕಾರಣವಿದೆ. ‘ಪೊನೇರ್ಸೆ’ಯ ‘ನಾನು’ ರೂಪ ‘ಮೆ ಪೊಂಗೊ’. ಆದ್ದರಿಂದ ಸಬ್ಜಂಕ್ಟಿವ್ ‘ಮೆ ಪೊಂಗಾ, ತೆ ಪೊಂಗಾಸ್, ಸೆ ಪೊಂಗಾ’. ಆ ‘ಗ’ಕಾರ ಮೂಲರೂಪದಲ್ಲಿ ಇಲ್ಲ. ‘ಸೆಂತಾರ್ಸೆ’ಯಲ್ಲಿ ‘ಮೆ ಸಿಯೆಂತೊ’ ಎಂಬುದರಿಂದ ‘ಮೆ ಸಿಯೆಂತೆ’ ಬರುತ್ತದೆ. ಆದರೆ ‘ನಾವು’ ರೂಪದಲ್ಲಿ ಸ್ವರ ಒಡೆಯದೆ ‘ನೋಸ್ ಸೆಂತೆಮೋಸ್’ ಎಂದೇ ಉಳಿಯುತ್ತದೆ. ‘ಆಕೊಸ್ತಾರ್ಸೆ’ಯೂ ಹಾಗೆಯೇ: ‘ಮೆ ಆಕ್ವೆಸ್ತೆ’, ಆದರೆ ‘ನೋಸ್ ಆಕೊಸ್ತೆಮೋಸ್’. ‘ಹೊರಟುಹೋಗು’ ಎಂಬ ಅರ್ಥದ ‘ಈರ್ಸೆ’ ಈ ಕ್ರಮಕ್ಕೆ ಸಿಗುವುದಿಲ್ಲ; ಅದರ ರೂಪ ‘ಮೆ ಬಾಯಾ’ ಎಂದು ನೆನಪಿಟ್ಟುಕೊಳ್ಳಬೇಕು.

ಸೇತುವೆ ಮುಗಿಯುವ ಮೊದಲ ಜಾಗ: ಪುರುಷ

ಮರುಬೋಧನೆಯಲ್ಲಿ ‘ಕೊಳ್ಳು + ಅಲಿ’ ಎಂದು ಕಪ್ಪುಹಲಗೆಯ ಮೇಲೆ ಬರೆದಾಗ ಗುಂಪು ಚುರುಕಾಯಿತು. ‘ಅವಳು ತಲೆ ಬಾಚಿಕೊಳ್ಳಲಿ’, ‘ಮಗು ಮಲಗಿಕೊಳ್ಳಲಿ’ ಎಂಬ ವಾಕ್ಯಗಳು ಸರಿಯಾಗಿಯೇ ಬಂದವು. ಖುಷಿಯಲ್ಲಿ ಮುಂದಿನ ವಾಕ್ಯ ಕೊಟ್ಟೆ: ‘ನಾನು ತಲೆ ಬಾಚಿಕೊಳ್ಳಲಿ ಎಂದು ನನ್ನ ಅಮ್ಮ ಬಯಸುತ್ತಾಳೆ.’ ಹೆಚ್ಚಿನವರು ಬರೆದದ್ದು ಇದು:

ಮಿ ಮಾದ್ರೆ ಕಿಯೆರೆ ಕೆ ಸೆ ಪೆಯ್ನೆ.

ಇದು ವ್ಯಾಕರಣಬದ್ಧ ವಾಕ್ಯವೇ. ಆದರೆ ತಲೆ ಬಾಚಿಕೊಳ್ಳಬೇಕಾದವರು ನಾನಲ್ಲ, ಬೇರೆ ಯಾರೋ. ಸರಿಯಾದದ್ದು ‘ಮಿ ಮಾದ್ರೆ ಕಿಯೆರೆ ಕೆ ಮೆ ಪೆಯ್ನೆ’.

ಈ ತಪ್ಪಿನ ಬೇರು ಕನ್ನಡದಲ್ಲಿದೆ. ನಮ್ಮ ‘ಕೊಳ್ಳು’ಗೆ ಪುರುಷಭೇದವಿಲ್ಲ. ಸಾಮಾನ್ಯವಾಗಿ ‘ಬಾಚಿಕೊಳ್ಳುತ್ತೇನೆ, ಬಾಚಿಕೊಳ್ಳುತ್ತಾಳೆ’ ಎಂದು ಕೊನೆಯ ಪ್ರತ್ಯಯ ಪುರುಷವನ್ನು ಹೇಳುತ್ತದೆ. ‘ಅಲಿ’ ಬಂದಾಗ ಅದೂ ಹೋಗುತ್ತದೆ: ನಾನು ಬಾಚಿಕೊಳ್ಳಲಿ, ನೀನು ಬಾಚಿಕೊಳ್ಳಲಿ, ಅವರು ಬಾಚಿಕೊಳ್ಳಲಿ. ಎಲ್ಲರಿಗೂ ಒಂದೇ ರೂಪ. ಯಾರು ಎಂಬುದನ್ನು ಕರ್ತೃಪದವೇ ಹೇಳಬೇಕು.

ಸ್ಪ್ಯಾನಿಶ್‌ನಲ್ಲಿ ಇದು ತಿರುಗುಮುರುಗು. ಅಲ್ಲಿ ಕರ್ತೃಪದವನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಮೇಲಿನ ಪಟ್ಟಿಯಲ್ಲಿ ‘ನಾನು’ ಮತ್ತು ‘ಅವಳು’ ಎರಡಕ್ಕೂ ಕ್ರಿಯಾಪದ ‘ಪೆಯ್ನೆ’ ಎಂದೇ ಇರುವುದನ್ನು ನೋಡಿ. ಕರ್ತೃಪದ ಇಲ್ಲದಿದ್ದಾಗ ಇವೆರಡನ್ನು ಬೇರ್ಪಡಿಸುವುದು ‘ಮೆ’, ‘ಸೆ’ ಎಂಬ ಪುಟ್ಟ ಪದಗಳೇ. ನಾವು ಹಗುರವಾಗಿ ಬಿಡುವ ಆ ಪದದ ಮೇಲೆ ಅಲ್ಲಿ ಇಡೀ ವಾಕ್ಯದ ಭಾರವಿದೆ. ಮೂಲರೂಪದಲ್ಲಿಯೂ ಅದು ಬದಲಾಗುತ್ತದೆ: ‘ಕಿಯೆರೊ ಪೆಯ್ನಾರ್ಮೆ’ (ನನಗೆ ಬಾಚಿಕೊಳ್ಳುವ ಆಸೆ), ‘ಕೆರೆಮೋಸ್ ಪೆಯ್ನಾರ್ನೋಸ್’ (ನಮಗೆ ಬಾಚಿಕೊಳ್ಳುವ ಆಸೆ).

ಎರಡನೆಯ ಜಾಗ: ಪದದ ಸ್ಥಾನ

‘ಕೊಳ್ಳು’ ಯಾವಾಗಲೂ ಮುಖ್ಯ ಕ್ರಿಯೆಯ ಹಿಂದೆಯೇ ಅಂಟಿಕೊಳ್ಳುತ್ತದೆ. ‘ಸೆ’ ಹಾಗಲ್ಲ. ‘ಕೆ’ಯ ನಂತರದ ಸಬ್ಜಂಕ್ಟಿವ್‌ನಲ್ಲಿ ಅದು ಕ್ರಿಯಾಪದಕ್ಕಿಂತ ಮೊದಲು, ಪ್ರತ್ಯೇಕ ಪದವಾಗಿ ನಿಲ್ಲುತ್ತದೆ: ‘ಕೆ ಸೆ ಪೆಯ್ನೆ’. ಮೂಲರೂಪಕ್ಕೆ ಹಿಂದಿನಿಂದ ಅಂಟುತ್ತದೆ: ‘ಪೆಯ್ನಾರ್ಸೆ’.

ಗೌರವದ ಆಜ್ಞೆಯಲ್ಲಿ ಎರಡೂ ಬಗೆ ಇವೆ. ‘ತಾವು ಕುಳಿತುಕೊಳ್ಳಿ’ ಎನ್ನಲು ಸ್ಪ್ಯಾನಿಶ್ ಬಳಸುವುದು ಸಬ್ಜಂಕ್ಟಿವ್ ರೂಪವನ್ನೇ, ‘ಸೆ’ ಕೊನೆಗೆ ಅಂಟುತ್ತದೆ: ‘ಸಿಯೆಂತೆಸೆ’. ನಿಷೇಧವಾದರೆ ಮತ್ತೆ ಮುಂದೆ ಬರುತ್ತದೆ: ‘ನೊ ಸೆ ಸಿಯೆಂತೆ’, ಕುಳಿತುಕೊಳ್ಳಬೇಡಿ. ‘ಕುಳಿತುಕೊಳ್ಳೋಣ’ ಎನ್ನುವಾಗ ‘ಸೆಂತೆಮೋಸ್’ ಮತ್ತು ‘ನೋಸ್’ ಕೂಡಿ, ನಡುವಿನ ‘ಸ್’ ಲೋಪವಾಗಿ ‘ಸೆಂತೆಮೋನೋಸ್’ ಆಗುತ್ತದೆ. ಲೋಪಸಂಧಿಯಲ್ಲಿ ನಮ್ಮಲ್ಲಿ ಸ್ವರ ಲೋಪವಾಗುತ್ತದೆ, ಇಲ್ಲಿ ವ್ಯಂಜನ ಎಂದರೆ ಮಕ್ಕಳಿಗೆ ನೆನಪಿರುತ್ತದೆ.

ಮೂರನೆಯ ಜಾಗ: ಕನ್ನಡ ನೆರವಾಗದ ಅರ್ಥಗಳು

ಮೂರು ಸಂದರ್ಭಗಳಲ್ಲಿ ‘ಅಲಿ’ಯನ್ನು ನಂಬಿದರೆ ತಪ್ಪಾಗುತ್ತದೆ.

ಒಂದು, ನಂಬಿಕೆಯ ನಿರಾಕರಣೆ. ‘ಅವಳು ತಲೆ ಬಾಚಿಕೊಳ್ಳುತ್ತಾಳೆ ಎಂದು ನನಗನ್ನಿಸುವುದಿಲ್ಲ’ ಎಂಬಲ್ಲಿ ಕನ್ನಡದ ಕ್ರಿಯಾಪದ ಸಾಮಾನ್ಯ ರೂಪದಲ್ಲಿಯೇ ಇದೆ. ಸ್ಪ್ಯಾನಿಶ್‌ನಲ್ಲಿ ‘ನೊ ಕ್ರೆಒ ಕೆ ಸೆ ಪೆಯ್ನೆ’.

ಎರಡು, ಭಾವನೆ. ‘ನೀನು ಚೆನ್ನಾಗಿದ್ದೀಯೆ ಎಂದು ಸಂತೋಷವಾಗಿದೆ’ ಎನ್ನುವುದು ನಡೆದಿರುವ ಸಂಗತಿ. ಆದರೂ ಸಂತೋಷದ ನೆರಳಿನಲ್ಲಿ ಬಂದುದರಿಂದ ಸ್ಪ್ಯಾನಿಶ್‌ನಲ್ಲಿ ಸಬ್ಜಂಕ್ಟಿವ್: ‘ಮೆ ಆಲೆಗ್ರೊ ದೆ ಕೆ ತೆ ಸಿಯೆಂತಾಸ್ ಬಿಯೆನ್’.

ಮೂರು, ಇನ್ನೂ ನಡೆಯದ ಕಾಲ. ‘ಹುಡುಗಿ ಎದ್ದಾಗ ತಲೆ ಬಾಚಿಕೊಳ್ಳುತ್ತಾಳೆ’ ಎಂಬ ಕನ್ನಡ ವಾಕ್ಯ ದಿನನಿತ್ಯದ ರೂಢಿಯೂ ಆಗಬಹುದು, ನಾಳೆಯ ಮಾತೂ ಆಗಬಹುದು. ಸ್ಪ್ಯಾನಿಶ್ ಇವೆರಡನ್ನು ಬೇರೆ ಮಾಡುತ್ತದೆ. ರೂಢಿಯಾದರೆ ‘ಕ್ವಾಂದೊ ಸೆ ಲೆಬಾಂತಾ, ಸೆ ಪೆಯ್ನಾ’. ಇನ್ನು ಮುಂದೆ ಏಳುವುದಾದರೆ ‘ಕ್ವಾಂದೊ ಸೆ ಲೆಬಾಂತೆ, ಸೆ ಪೆಯ್ನಾರಾ’.

‘ಕೊಳ್ಳು’ ಕೂಡ ಎಲ್ಲೆಡೆ ‘ಸೆ’ ಆಗುವುದಿಲ್ಲ. ‘ಹಾಡಿಕೊಂಡು ಬಂದಳು’ ಎಂಬಲ್ಲಿ ಅದು ಜೊತೆಜೊತೆಗೆ ನಡೆಯುವ ಕೆಲಸವನ್ನು ಹೇಳುತ್ತದೆ, ತನಗೆ ತಾನೇ ಎಂಬುದನ್ನಲ್ಲ. ಹಾಗೆಯೇ ‘ಕೆಹಾರ್ಸೆ’ (ದೂರು ಹೇಳು), ‘ಈರ್ಸೆ’ (ಹೊರಟುಹೋಗು) ಇವುಗಳಲ್ಲಿ ‘ಸೆ’ ಇದ್ದರೂ ಕನ್ನಡದಲ್ಲಿ ‘ಕೊಳ್ಳು’ ಇಲ್ಲ.

ಜೊತೆಗೆ ಒಂದು ಬಲೆಯೂ ಇದೆ. ‘ಸೆ ಸಿಯೆಂತೆ’ ಎಂಬುದು ‘ಕುಳಿತುಕೊಳ್ಳು’ ಎಂಬ ‘ಸೆಂತಾರ್ಸೆ’ಯ ಸಬ್ಜಂಕ್ಟಿವ್ ರೂಪ. ‘ಅನ್ನಿಸು, ಅನುಭವಿಸು’ ಎಂಬ ‘ಸೆಂತೀರ್ಸೆ’ಯ ಸಾಮಾನ್ಯ ರೂಪವೂ ಅದೇ. ‘ಸೆ ಸಿಯೆಂತಾ’ ಎಂಬಲ್ಲಿ ಇದು ತಲೆಕೆಳಗಾಗುತ್ತದೆ: ಅಲ್ಲಿ ಕುಳಿತುಕೊಳ್ಳುವುದು ಸಾಮಾನ್ಯ, ಅನ್ನಿಸುವುದು ಸಬ್ಜಂಕ್ಟಿವ್. ಹಿಂದೆ ‘ಕಿಯೆರೆ ಕೆ’, ‘ಪಾರಾ ಕೆ’ ಇವೆಯೇ ಎಂದು ನೋಡಿಯೇ ಅರ್ಥ ತೀರ್ಮಾನಿಸಬೇಕು.

ತರಗತಿಯಲ್ಲಿ ಅನುಸರಿಸಬಹುದಾದ ಕ್ರಮ

ಈ ಪಾಠವನ್ನು ಇನ್ನೊಮ್ಮೆ ಮಾಡುವುದಾದರೆ ನನ್ನ ಕ್ರಮ ಹೀಗಿರುತ್ತದೆ. ಮೊದಲು ಸ್ಪ್ಯಾನಿಶ್‌ನ ಒಂದು ಪದವನ್ನೂ ಬರೆಯದೆ, ‘ಬಾಚು, ಬಾಚಿಕೊಳ್ಳು, ಬಾಚಿಕೊಳ್ಳಲಿ’ ಇವುಗಳ ವ್ಯತ್ಯಾಸವನ್ನು ಮಕ್ಕಳಿಂದಲೇ ಹೇಳಿಸುವುದು. ಆಮೇಲೆ ‘ಪೆಯ್ನಾರ್, ಪೆಯ್ನಾರ್ಸೆ, ಕೆ ಸೆ ಪೆಯ್ನೆ’ ಎಂದು ಪಕ್ಕದಲ್ಲಿ ಬರೆಯುವುದು. ಅವರು ಸ್ವತಂತ್ರವಾಗಿ ವಾಕ್ಯ ರಚಿಸುವ ಮೊದಲೇ, ‘ಕನ್ನಡದಲ್ಲಿ ಎಲ್ಲರಿಗೂ ಒಂದೇ ರೂಪ, ಇಲ್ಲಿ ಹಾಗಲ್ಲ’ ಎಂದು ಹೇಳಿ ‘ಮೆ, ತೆ, ಸೆ’ಗಳನ್ನು ಬೇರೆ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವುದು. ಹೋಲಿಕೆ ಇಲ್ಲದ ಮೂರು ಸಂದರ್ಭಗಳನ್ನು ಅದೇ ದಿನ ತುರುಕದೆ, ಮುಂದಿನ ಪಾಠಕ್ಕೆ ಬಿಡುವುದು. ಮೌಲ್ಯಮಾಪನಕ್ಕೆ ರೂಪಗಳ ಪಟ್ಟಿ ಕೇಳುವ ಬದಲು, ‘ಕೆ ಮೆ ಪೆಯ್ನೆ, ಕೆ ಸೆ ಪೆಯ್ನೆ: ಯಾರ ತಲೆ?’ ಎಂದು ಕೇಳುವುದು.

ಉಪಸಂಹಾರ

‘ಗೊತ್ತಿರುವುದರಿಂದ ಗೊತ್ತಿಲ್ಲದುದರ ಕಡೆಗೆ’ ಎಂಬ ಸೂತ್ರವನ್ನು ನಾವೆಲ್ಲ ಪ್ರತಿ ಪಾಠಯೋಜನೆಯಲ್ಲೂ ಬರೆಯುತ್ತೇವೆ. ‘ಪೂರ್ವಜ್ಞಾನ’ ಎಂಬ ಕಲಂ ತುಂಬುತ್ತೇವೆ. ನಾನು ಅಲ್ಲಿ ತುಂಬಿದ್ದು ನನ್ನ ಪುಸ್ತಕದ ಪೂರ್ವಜ್ಞಾನವನ್ನು, ಎದುರಿಗಿದ್ದವರದ್ದನ್ನಲ್ಲ. ಸುಮ್ಮನೆ ಕುಳಿತಿದ್ದ ಗೆಳತಿಗೆ ಆ ಪಾಠದ ಅರ್ಧ ಭಾಗ ಮೊದಲೇ ಗೊತ್ತಿತ್ತು. ಇಂಗ್ಲಿಷಿನಲ್ಲಿ ಕೇಳಿದ್ದರಿಂದ ಗೊತ್ತಿಲ್ಲ ಎಂದು ಅವಳೂ ಅಂದುಕೊಂಡಳು, ನಾನೂ ಅಂದುಕೊಂಡೆ. ನಾಳೆ ನಮ್ಮ ತರಗತಿಗಳಲ್ಲಿ ಹೀಗೆ ಸುಮ್ಮನೆ ಕೂರುವ ಮಕ್ಕಳು ಇದ್ದೇ ಇರುತ್ತಾರೆ.

ಆದರೆ ಮಾತೃಭಾಷೆಯ ಸೇತುವೆ ಕಟ್ಟಿದರೆ ನಮ್ಮ ಕೆಲಸ ಮುಗಿಯಲಿಲ್ಲ. ನನ್ನ ಮರುಬೋಧನೆಯ ತಪ್ಪು ಹುಟ್ಟಿದ್ದು ಆ ಸೇತುವೆಯಿಂದಲೇ. ಭೌತಶಾಸ್ತ್ರದಲ್ಲಿ ವಿದ್ಯುತ್ ಪ್ರವಾಹವನ್ನು ಕೊಳವೆಯ ನೀರಿಗೆ ಹೋಲಿಸುತ್ತೇವೆ. ಕೊಳವೆ ಒಡೆದರೆ ನೀರು ಹೊರಗೆ ಸುರಿಯುತ್ತದೆ. ತಂತಿ ತುಂಡಾದರೆ ಪ್ರವಾಹ ಸುರಿಯುವುದಿಲ್ಲ, ನಿಲ್ಲುತ್ತದೆ. ಹೋಲಿಕೆ ಎಲ್ಲಿಯವರೆಗೆ ಎಂದು ಹೇಳದಿದ್ದರೆ ಮಗು ಅದೇ ಹೋಲಿಕೆಯನ್ನು ಹಿಡಿದು ತಪ್ಪು ಉತ್ತರಕ್ಕೆ ಹೋಗುತ್ತದೆ. ಅಂಥ ತಪ್ಪಿಗೆ ಅಂಕ ಕಳೆಯುವ ಮೊದಲು, ಹೋಲಿಕೆಯ ಗಡಿಯನ್ನು ನಾವು ತೋರಿಸಿದ್ದೆವೇ ಎಂದು ಕೇಳಿಕೊಳ್ಳಬೇಕು.